ಮನೆವಾರ್ತೆ: ಉಸಿರು ಕಟ್ಟಿದ ವ್ಯಾಕ್ಯೂಮ್ ಕ್ಲೀನರ್

ಮಳೆಗಾಲವು ಮುಗಿದು ನವರಾತ್ರಿಯು ಸಮೀಪಿಸಿತೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ಗುಡಿಸಿ ಒರೆಸುವ ಸಂಭ್ರಮವು ಆರಂಭವಾಗುತ್ತದೆ. ನಾಲ್ಕು ತಿಂಗಳು ಮುಚ್ಚಿದ್ದ ಕಿಟಕಿಗಳನ್ನು ತೆರೆದು, ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ಮಾಡಿನ ಮೂಲೆಗಳ ಜೇಡರಬಲೆಯನ್ನು ತೆಗೆದು, ಕೊನೆಗೆ ಅಟ್ಟದಿಂದಲೋ ಕಪಾಟಿನ ತಳದಿಂದಲೋ ವ್ಯಾಕ್ಯೂಮ್ ಕ್ಲೀನರನ್ನು ಹೊರಗೆ ತರುತ್ತಾರೆ. ಆಗಲೇ ಹಲವು ಮನೆಗಳಲ್ಲಿ ಒಂದು ವಿಘ್ನವು ತಲೆದೋರುವುದುಂಟು. ಯಂತ್ರವು ಗರ್ಜಿಸುತ್ತದೆ, ಕಸವನ್ನು ಮಾತ್ರ ಎಳೆದುಕೊಳ್ಳುವುದಿಲ್ಲ. ಇಲ್ಲವೆ ಗುಂಡಿಯನ್ನು ಒತ್ತಿದರೂ ಮೌನವಾಗಿರುತ್ತದೆ. ಇಲ್ಲವೆ ಹತ್ತು ನಿಮಿಷ ನಡೆದು ತಟಕ್ಕನೆ ನಿಂತುಬಿಡುತ್ತದೆ. ಮನೆಯವರೆಲ್ಲರೂ ಸುತ್ತ ನಿಂತು “ಮೋಟಾರು ಹೋಯಿತು” ಎಂದು ತೀರ್ಪು ಕೊಡುತ್ತಾರೆ. ಆ ಬಳಿಕ ಅದು ಗುಜರಿಯವರ ಗಾಡಿಯನ್ನು ಏರುತ್ತದೆ, ಅಥವಾ ಹೊಸ ಮೋಟಾರಿನ ಬೆಲೆಯನ್ನು ತೆರಿಸಿಕೊಂಡು ಮನೆಗೆ ಮರಳುತ್ತದೆ.

ಈ ತೀರ್ಪು ಬಹಳ ಸಲ ಅವಸರದ್ದು. ಯಂತ್ರದ ದೋಷವು ಮೋಟಾರಿನಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಗಾಳಿಯು ಸಾಗುವ ದಾರಿಯಲ್ಲಿ ಏನೋ ಅಡ್ಡವಾಗಿದ್ದರೂ ಇದೇ ಲಕ್ಷಣಗಳು ಕಾಣಿಸುವುವು. ಆ ಅಡ್ಡಿಯನ್ನು ಮನೆಯವರೇ, ಒಂದು ಸ್ಕ್ರೂವನ್ನೂ ಬಿಚ್ಚದೆ, ಅರ್ಧ ಗಂಟೆಯಲ್ಲಿ ಕಂಡುಹಿಡಿಯಬಹುದು. ಅಡ್ಡಿಯನ್ನು ತೆಗೆಯದೆ ಯಂತ್ರವನ್ನು ಓಡಿಸುತ್ತ ಹೋದರೆ ಒಳ್ಳೆಯ ಮೋಟಾರೂ ಕೊನೆಗೆ ನಿಜವಾಗಿಯೇ ಸುಟ್ಟುಹೋಗುವುದು. ಆದುದರಿಂದ ಈ ತಿಂಗಳ ಮನೆವಾರ್ತೆಯಲ್ಲಿ ಈ ಯಂತ್ರದ ರೋಗವನ್ನು ಗುರುತಿಸುವ ಕ್ರಮವನ್ನೂ, ಎಲ್ಲಿಯವರೆಗೆ ನಾವೇ ಕೈಹಾಕಬಹುದು ಹಾಗೂ ಎಲ್ಲಿ ನಿಲ್ಲಬೇಕು ಎಂಬುದನ್ನೂ ವಿವರಿಸುವೆವು.

ಯಂತ್ರದ ಸ್ವಭಾವ

ಎಳನೀರನ್ನು ಕೊಳವೆಯಿಂದ ಕುಡಿಯುವಾಗ ನಾವು ನೀರನ್ನು ಎಳೆಯುತ್ತೇವೆಂದು ಎಣಿಸುತ್ತೇವೆ. ನಿಜವಾಗಿ ನಡೆಯುವುದು ಬೇರೆ. ಬಾಯಿಯೊಳಗೆ ಗಾಳಿಯ ಒತ್ತಡವು ಕಡಿಮೆಯಾದಾಗ, ಹೊರಗಿನ ಗಾಳಿಯು ನೀರನ್ನು ಕೊಳವೆಯೊಳಗೆ ಮೇಲಕ್ಕೆ ತಳ್ಳುತ್ತದೆ. ನಮ್ಮ ಸುತ್ತಲಿನ ಗಾಳಿಯು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ೧ ಕಿಲೋಗ್ರಾಮಿನಷ್ಟು ಭಾರವನ್ನು ಹೇರಿರುವುದಷ್ಟೆ. ವ್ಯಾಕ್ಯೂಮ್ ಕ್ಲೀನರಿನಲ್ಲಿಯೂ ಇದೇ ತತ್ತ್ವವಿದೆ. ಮೋಟಾರಿಗೆ ಜೋಡಿಸಿದ ಬೀಸಣಿಗೆಯು ನಿಮಿಷಕ್ಕೆ ಇಪ್ಪತ್ತು ಮೂವತ್ತು ಸಾವಿರ ಸುತ್ತು ತಿರುಗಿ ಒಳಗಿನ ಗಾಳಿಯನ್ನು ಹೊರಗೆ ಎಸೆಯುತ್ತದೆ. ತೆರವಾದ ಸ್ಥಳಕ್ಕೆ ಹೊರಗಿನ ಗಾಳಿಯು ಪೈಪಿನ ಮೂಲಕ ನುಗ್ಗುತ್ತದೆ. ಬರುವಾಗ ಧೂಳನ್ನೂ ಜೊತೆಗೆ ತರುತ್ತದೆ. ಚೀಲವೂ ಫಿಲ್ಟರೂ ಧೂಳನ್ನು ಹಿಡಿದುಕೊಂಡು ಗಾಳಿಯನ್ನು ಮಾತ್ರ ಹೊರಗೆ ಬಿಡುತ್ತವೆ.

ಹೀಗೆ ಹೀರಬೇಕೆಂಬ ಯೋಚನೆಯೇ ಒಂದು ಕಾಲದಲ್ಲಿ ಹೊಸತಾಗಿತ್ತು. ಮೊದಲಿನ ಕೆಲವು ಯಂತ್ರಗಳು ಧೂಳನ್ನು ಊದಿ ಹಾರಿಸುತ್ತಿದ್ದುವು. ಹಾರಿದ ಧೂಳು ಮತ್ತೆ ಅಲ್ಲಿಯೇ ಬೀಳುತ್ತಿತ್ತು. ಅದನ್ನು ಕಂಡ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಆಂಗ್ಲ ಇಂಜಿನಿಯರನು, ಆಸನವೊಂದರ ಮೇಲೆ ಕರವಸ್ತ್ರವನ್ನಿಟ್ಟು ಬಾಯಿಯಿಂದ ಗಾಳಿಯನ್ನು ಹೀರಿ, ವಸ್ತ್ರದ ಅಡಿಯಲ್ಲಿ ಧೂಳು ಅಂಟಿಕೊಂಡುದನ್ನು ನೋಡಿದನಂತೆ. ೧೯೦೧ರಲ್ಲಿ ಅವನು ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದನು. ನಮ್ಮ ಕಾಪುವಿನ ಕಡಲತಡಿಯ ಬಂಡೆಯ ಮೇಲೆ ದೀಪಸ್ತಂಭವು ಎದ್ದುನಿಂತುದೂ ಅದೇ ೧೯೦೧ರಲ್ಲಿ. ಬೂತನ ಯಂತ್ರವನ್ನು ಕುದುರೆಯ ಗಾಡಿಯಲ್ಲಿ ಸಾಗಿಸಿ, ಬೀದಿಯಲ್ಲಿ ನಿಲ್ಲಿಸಿ, ಉದ್ದವಾದ ಪೈಪುಗಳನ್ನು ಕಿಟಕಿಯ ಮೂಲಕ ಮನೆಯೊಳಗೆ ಹಾಯಿಸಬೇಕಾಗಿತ್ತು. ಕೈಯಲ್ಲಿ ಹಿಡಿದು ನಡೆಸಬಹುದಾದ ವಿದ್ಯುತ್ ಯಂತ್ರದ ಹಾದಿಯನ್ನು ತೋರಿಸಿದವನು ಅಮೆರಿಕದ ಓಹಾಯೋ ಪ್ರಾಂತ್ಯದಲ್ಲಿ ಕಟ್ಟಡ ಗುಡಿಸುವ ಕೆಲಸದಲ್ಲಿದ್ದ ಜೇಮ್ಸ್ ಮರ್ರೇ ಸ್ಪ್ಯಾಂಗ್ಲರ್. ಧೂಳಿನಿಂದ ಅವನಿಗೆ ಉಬ್ಬಸವು ಹೆಚ್ಚುತ್ತಿತ್ತು. ಬೀಸಣಿಗೆಯ ಮೋಟಾರು, ಕಸಬರಿಕೆಯ ಹಿಡಿ, ದಿಂಬಿನ ಚೀಲ, ಇವನ್ನು ಜೋಡಿಸಿ ಅವನು ತನ್ನ ಕಷ್ಟವನ್ನು ತಾನೇ ಪರಿಹರಿಸಿಕೊಂಡನು; ೧೯೦೮ರಲ್ಲಿ ಪೇಟೆಂಟನ್ನೂ ಪಡೆದನು. ನಮ್ಮ ದೇಶದಲ್ಲಿ ೧೯೮೨ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್ ಸಂಸ್ಥೆಯು ಮನೆಬಾಗಿಲಿಗೆ ಜನರನ್ನು ಕಳುಹಿ, ಹಾಸಿಗೆಯ ಧೂಳನ್ನು ಕಣ್ಣೆದುರೇ ತೆಗೆದು ತೋರಿಸಿ, ಈ ಯಂತ್ರವನ್ನು ಮಧ್ಯಮ ವರ್ಗದ ಮನೆಗಳಿಗೆ ಪರಿಚಯಿಸಿತು.

ಈ ವೃತ್ತಾಂತದಿಂದ ನಾವು ನೆನಪಿನಲ್ಲಿಡತಕ್ಕ ಮಾತು ಒಂದೇ. ಈ ಯಂತ್ರದ ಪ್ರಾಣವು ಗಾಳಿಯ ಸಂಚಾರದಲ್ಲಿದೆ. ಸಾಧಾರಣ ಗೃಹಯಂತ್ರಗಳಲ್ಲಿ ಧೂಳನ್ನು ತರುವ ಗಾಳಿಯೇ ಮೋಟಾರಿನ ಮೇಲೆ ಹಾದು ಅದನ್ನು ತಂಪಾಗಿಯೂ ಇಡುತ್ತದೆ. ಗಾಳಿಯು ನಿಂತರೆ ಕಸವೂ ಏರದು, ಮೋಟಾರಿನ ಕಾವೂ ಇಳಿಯದು. ಒಂದೇ ಅಡ್ಡಿಯಿಂದ ಎರಡು ಕೇಡು.

ಮೊದಲನೆಯ ನಿಯಮ

ಯಾವ ಪರೀಕ್ಷೆಗೂ ಮೊದಲು ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು, ಕಣ್ಣಿಗೆ ಕಾಣುವಂತೆ ಯಂತ್ರದ ಮೇಲೆಯೇ ಇಡತಕ್ಕದ್ದು. ಗುಂಡಿಯನ್ನು ಆರಿಸಿದರೆ ಸಾಲದು. ಒದ್ದೆ ಕೈಯಿಂದಾಗಲಿ, ಆಗತಾನೆ ಒರೆಸಿದ ನೆಲದ ಮೇಲೆ ಬರಿಗಾಲಿನಲ್ಲಿ ನಿಂತಾಗಲಿ ಯಂತ್ರವನ್ನು ಮುಟ್ಟಬಾರದು. ಮಕ್ಕಳನ್ನು ದೂರವಿಡಬೇಕು. ಮುಂದೆ ಹೇಳುವ ಪರೀಕ್ಷೆಗಳಲ್ಲಿ ಒಂದೆರಡಕ್ಕೆ ಮಾತ್ರ ಯಂತ್ರವನ್ನು ನಡೆಸಬೇಕಾಗುವುದು. ಅದನ್ನು ಆಯಾ ಸ್ಥಳದಲ್ಲಿ ತಿಳಿಸುವೆವು.

ಗಾಳಿಯ ದಾರಿ

ಯಂತ್ರವು ತಿರುಗುತ್ತಿದ್ದು, ಕಸವನ್ನು ಎಳೆದುಕೊಳ್ಳದಿದ್ದರೆ ಮೊದಲು ಅದರ ಧ್ವನಿಯನ್ನು ಗಮನಿಸಿರಿ. ಧ್ವನಿಯು ವಾಡಿಕೆಗಿಂತ ತೆಳುವಾಗಿ ಮೇಲೇರಿದ್ದರೆ ಎಲ್ಲಿಯೋ ದಾರಿಯು ಕಟ್ಟಿದೆಯೆಂದು ಅರ್ಥ. ದೂಡಲು ಗಾಳಿಯೇ ಇಲ್ಲದಾಗ ಬೀಸಣಿಗೆಗೆ ಕೆಲಸವು ಕಡಿಮೆಯಾಗಿ ಮೋಟಾರು ಹೆಚ್ಚು ವೇಗದಿಂದ ತಿರುಗುತ್ತದೆ. ಆ ಕೂಗು ಮೋಟಾರಿನ ಬಲವನ್ನು ತೋರಿಸುವುದೇ ಹೊರತು ರೋಗವನ್ನಲ್ಲ. ಧ್ವನಿಯು ತಗ್ಗಿ, ತೊದಲಿ, ಸುಟ್ಟ ವಾಸನೆಯೂ ಕೂಡಿದ್ದರೆ ಒಡನೆ ನಿಲ್ಲಿಸಬೇಕು. ಆ ವಿಚಾರವನ್ನು ಮುಂದೆ ಹೇಳುವೆವು.

ಎರಡನೆಯದು ಅಂಗೈಯ ಪರೀಕ್ಷೆ. ಪೈಪನ್ನು ಯಂತ್ರದಿಂದ ಬಿಡಿಸಿ, ಯಂತ್ರವನ್ನು ಕೆಲವು ಕ್ಷಣ ನಡೆಸಿ, ಪೈಪು ಸಿಕ್ಕಿಸುವ ಬಾಯಿಗೆ ಒಣಗಿದ ಅಂಗೈಯನ್ನು ಹಿಡಿಯಿರಿ. ಅಲ್ಲಿ ಸೆಳೆತವು ಬಲವಾಗಿದ್ದರೆ ಯಂತ್ರದ ಒಡಲು ಸರಿಯಾಗಿದೆ. ದೋಷವು ಪೈಪು, ಕೊಳವೆ, ನೆಲದ ಬ್ರಷ್ ಇವುಗಳಲ್ಲೊಂದರಲ್ಲಿದೆ. ಅಲ್ಲಿಯೂ ಸೆಳೆತವು ದುರ್ಬಲವಾಗಿದ್ದರೆ ಚೀಲ, ಫಿಲ್ಟರು ಅಥವಾ ಮುಚ್ಚಳದ ರಬ್ಬರನ್ನು ಸಂಶಯಿಸಬೇಕು. ಈ ಒಂದು ಪರೀಕ್ಷೆಯಿಂದ ಹುಡುಕಾಟವು ಅರ್ಧಕ್ಕೆ ಇಳಿಯುವುದು.

ದೋಷವು ಪೈಪಿನಲ್ಲಿದೆಯೆಂದು ಕಂಡರೆ ಪ್ಲಗ್ಗನ್ನು ಕಿತ್ತು, ಪೈಪನ್ನು ನೇರವಾಗಿ ತೂಗುಹಾಕಿ, ಮೇಲಿನ ತುದಿಯಿಂದ ಮಕ್ಕಳ ಗೋಲಿಯೊಂದನ್ನು ಬಿಡಿರಿ. ಅದು ಕೆಳಗೆ ಉದುರಿದರೆ ದಾರಿಯು ತೆರೆದಿದೆ. ನಡುವೆ ನಿಂತರೆ ಅಲ್ಲಿಯೇ ಕಾಲುಚೀಲವೋ ಕಾಗದದ ಉಂಡೆಯೋ ತೆಂಗಿನ ನಾರೋ ಸಿಕ್ಕಿಕೊಂಡಿದೆ. ಕಬ್ಬಿಣದ ಸರಿಗೆಯಿಂದ ತಿವಿಯಬಾರದು; ಪೈಪು ತೂತಾಗುವುದು. ಮೊಂಡು ತುದಿಯ ಕೋಲಿನಿಂದ ಮೆಲ್ಲನೆ ದೂಡಬಹುದು. ಗಾಳಿಯನ್ನು ಊದುವ ಬಾಯಿಯುಳ್ಳ ಯಂತ್ರವಾದರೆ ಪೈಪನ್ನು ಅಲ್ಲಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಅಂಗಳದ ಕಡೆಗೆ ತಿರುಗಿಸಿ, ಒಂದು ಗಳಿಗೆ ನಡೆಸಿದರೆ ಸಿಕ್ಕಿದ್ದು ತಾನಾಗಿ ಹೊರಬೀಳುವುದೂ ಉಂಟು. ಪೈಪಿನ ಮಡಿಕೆಯಲ್ಲಿ ಸೀಳಿದ್ದರೆ ಸುಯ್ಯೆಂಬ ಸದ್ದು ಕೇಳಿಸುವುದು. ತತ್ಕಾಲಕ್ಕೆ ಟೇಪು ಸುತ್ತಬಹುದು. ಶಾಶ್ವತಕ್ಕೆ ಹೊಸ ಪೈಪೇ ಗತಿ.

ನೆಲದ ಬ್ರಷ್ಷನ್ನು ಮಗುಚಿ ನೋಡಿರಿ. ಕೂದಲು, ಸೀರೆಯ ದಾರ, ಮಲ್ಲಿಗೆ ಕಟ್ಟಿದ ಬಾಳೆಯ ನಾರು, ಇವು ಬ್ರಷ್ಷಿನ ದಂಡಿಗೆಗೆ ಹಗ್ಗದಂತೆ ಸುತ್ತಿಕೊಂಡಿರುವುವು. ಕತ್ತರಿಯಿಂದ ಉದ್ದಕ್ಕೆ ಕತ್ತರಿಸಿ ಎಳೆದು ತೆಗೆಯಬೇಕು. ತಿರುಗುವ ಬ್ರಷ್ ಉಳ್ಳ ಯಂತ್ರಗಳಲ್ಲಿ ಒಂದು ಸಣ್ಣ ರಬ್ಬರ್ ಬೆಲ್ಟಿರುವುದು. ಅದು ತುಂಡಾಗಿದ್ದರೆ ಮೋಟಾರು ತಿರುಗಿದರೂ ಬ್ರಷ್ ತಿರುಗದು. ಸಡಿಲಾಗಿದ್ದರೆ ರಬ್ಬರು ಸುಟ್ಟ ವಾಸನೆ ಬರುವುದು. ಬೆಲ್ಟಿನ ಬೆಲೆಯು ಅಲ್ಪ, ಬದಲಿಸುವುದೂ ಸುಲಭ.

ಇನ್ನು ಚೀಲ. ಮೂರರಲ್ಲಿ ಎರಡು ಪಾಲು ತುಂಬಿದೊಡನೆ ಅದನ್ನು ಬರಿದುಮಾಡಬೇಕು. ಆದರೆ ಬರಿದಾದ ಬಟ್ಟೆಯ ಚೀಲವೂ ಉಸಿರನ್ನು ಕಟ್ಟಬಲ್ಲುದೆಂಬುದು ಹಲವರಿಗೆ ತಿಳಿಯದು. ಹಿಟ್ಟಿನಂತಹ ನುಣ್ಣನೆಯ ಧೂಳು ಬಟ್ಟೆಯ ರಂಧ್ರಗಳಲ್ಲಿ ಕುಳಿತುಬಿಡುತ್ತದೆ. ಚೀಲವು ನೋಡಲು ಹಗುರ, ಗಾಳಿಗೆ ಮಾತ್ರ ಗೋಡೆ. ಬೆಳಕಿಗೆ ಎದುರಾಗಿ ಹಿಡಿದು ನೋಡಿ, ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೊಡವಬೇಕು. ಕಾಗದದ ಚೀಲವಾದರೆ ಮತ್ತೆ ಮತ್ತೆ ಬಳಸುವ ಜಿಪುಣತನವು ದುಬಾರಿಯಾಗುವುದು.

ಫಿಲ್ಟರಿನ ವಿಷಯದಲ್ಲಿ ನಮ್ಮ ಸೀಮೆಯವರು ವಿಶೇಷ ಎಚ್ಚರ ವಹಿಸಬೇಕು. ವರುಷಕ್ಕೆ ಸುಮಾರು ೪೦೦೦ ಮಿಲಿಮೀಟರ್ ಮಳೆ ಬೀಳುವ ನಾಡು ನಮ್ಮದು. ಯಂತ್ರದೊಡನೆ ಬಂದ ಪುಸ್ತಕವು “ತೊಳೆದು ಒಂದು ದಿನ ಒಣಗಿಸಿರಿ” ಎಂದು ಹೇಳಿದರೆ ಅದು ಬಿಸಿಲಿನ ನಾಡಿಗೆ ಸರಿ. ಆಟಿಯ ಮಳೆಯಲ್ಲಿ ಒಂದು ದಿನವಲ್ಲ, ಮೂರು ದಿನವಾದರೂ ಸ್ಪಂಜಿನ ಹೊಟ್ಟೆಯಲ್ಲಿ ತೇವವು ಉಳಿದಿರುವುದು. ಹಸಿ ಫಿಲ್ಟರನ್ನು ಹಾಕಿ ಓಡಿಸಿದರೆ ಧೂಳು ಅದರ ಮೇಲೆ ಕೆಸರಾಗಿ ಮೆತ್ತಿಕೊಳ್ಳುತ್ತದೆ, ಬೂಸಲು ಹಿಡಿಯುತ್ತದೆ, ತೇವವು ಮೋಟಾರಿಗೂ ತಾಗುತ್ತದೆ. ಆದುದರಿಂದ ತೊಳೆಯಬಹುದಾದ ಫಿಲ್ಟರುಗಳನ್ನು ಎರಡು ಇಟ್ಟುಕೊಳ್ಳುವುದು ಉತ್ತಮ. ಒಂದು ಒಣಗುವಾಗ ಇನ್ನೊಂದು ದುಡಿಯಲಿ. ಒಲೆಯ ಮೇಲಾಗಲಿ ಗ್ಯಾಸಿನ ಉರಿಯ ಬಳಿಯಲ್ಲಾಗಲಿ ಒಣಗಿಸಬಾರದು, ಸ್ಪಂಜು ಸುರುಟಿಹೋಗುವುದು. ಮಡಿಕೆ ಮಡಿಕೆಯಾದ ಹೆಪಾ ಎಂಬ ಸೂಕ್ಷ್ಮ ಫಿಲ್ಟರನ್ನು, ತೊಳೆಯಬಹುದೆಂದು ಅದರ ಮೇಲೆ ಬರೆದಿದ್ದರೆ ಮಾತ್ರ ತೊಳೆಯಬೇಕು. ಕೊನೆಯದಾಗಿ ಮುಚ್ಚಳದ ಅಂಚಿನ ರಬ್ಬರು. ಅದು ಸರಿದಿದ್ದರೆ ಇಲ್ಲವೆ ಒಡೆದಿದ್ದರೆ ಗಾಳಿಯು ಅಡ್ಡದಾರಿಯಿಂದ ನುಗ್ಗಿ ಪೈಪಿನ ಸೆಳೆತವು ಕುಗ್ಗುವುದು.

ನಾಲ್ಕು ಊರುಗಳ ನಾಲ್ಕು ಬಗೆಯ ಧೂಳು

ನಮ್ಮ ಜಿಲ್ಲೆಯು ವಿಸ್ತಾರದಲ್ಲಿ ಸಣ್ಣದಾದರೂ ಧೂಳಿನಲ್ಲಿ ವೈವಿಧ್ಯವುಳ್ಳುದು. ಯಂತ್ರವು ಯಾವುದರಿಂದ ಕೆಡುತ್ತದೆಂಬುದು ಮನೆ ಇರುವ ಸ್ಥಳವನ್ನೂ ಅವಲಂಬಿಸಿದೆ.

ಕಾಪುವಿನಂತಹ ಕಡಲತಡಿಯಲ್ಲಿ ಮರಳೂ ಉಪ್ಪುಗಾಳಿಯೂ ಯಂತ್ರಕ್ಕೆ ಶತ್ರುಗಳು. ಮರಳು ಭಾರವಾದುದರಿಂದ ಚೀಲವು ಬೇಗನೆ ಹರಿಯುತ್ತದೆ. ಹರಿದ ಚೀಲದ ಮೂಲಕ ಹಾದ ಮರಳು ಬೀಸಣಿಗೆಯನ್ನೂ ಬೇರಿಂಗನ್ನೂ ತೇಯುತ್ತದೆ. ಉಪ್ಪುಗಾಳಿಯಿಂದ ಪ್ಲಗ್ಗಿನ ಕಡ್ಡಿಗಳು ಮಾಸಿ, ಸಂಪರ್ಕವು ಸಡಿಲಾಗಿ, ಸಾಕೆಟ್ಟು ಬಿಸಿಯಾಗುವುದುಂಟು. ಅಲ್ಲಿಯವರು ತಿಂಗಳಿಗೊಮ್ಮೆ ಚೀಲದ ಹೊಲಿಗೆಯನ್ನೂ, ಕಿತ್ತ ಪ್ಲಗ್ಗಿನ ಕಡ್ಡಿಗಳನ್ನೂ ನೋಡಬೇಕು.

ಕಾರ್ಕಳವು ಕಲ್ಲಿನ ಕೆಲಸಕ್ಕೆ ಪ್ರಸಿದ್ಧವಾದ ಊರು. ೧೪೩೨ರ ಗೊಮ್ಮಟನೇ ಅದಕ್ಕೆ ಸಾಕ್ಷಿ. ಕಲ್ಲನ್ನು ಕೊರೆದಾಗ ಏಳುವ ಹುಡಿ, ಮನೆ ಕಟ್ಟುವಾಗಿನ ಸಿಮೆಂಟು, ಮುರಕಲ್ಲಿನ ಕೆಂಪು ಧೂಳು, ಇವು ಕಣ್ಣಿಗೆ ಕಾಣದಷ್ಟು ನುಣುಪಾದುವು. ಸಾಧಾರಣ ಗೃಹಯಂತ್ರವು ಇವಕ್ಕಾಗಿ ನಿರ್ಮಿತವಾದುದಲ್ಲ. ಹೊಸ ಮನೆಯ ಸಿಮೆಂಟು ಹುಡಿಯನ್ನು ಹೀರಿಸಿದರೆ ಕೆಲವೇ ನಿಮಿಷಗಳಲ್ಲಿ ಫಿಲ್ಟರು ಮುಚ್ಚಿಹೋಗುವುದು; ಮಳೆಗಾಲದ ತೇವವು ಸೇರಿದರೆ ಅಲ್ಲಿಯೇ ಗಟ್ಟಿಯಾಗುವುದು. ಅಂತಹ ಹುಡಿಯನ್ನು ನೀರು ಚಿಮುಕಿಸಿ ಹಿಡಿಸೂಡಿಯಿಂದ ಗುಡಿಸುವುದೇ ಲೇಸು.

ಉಡುಪಿಯ ಹಳೆಯ ಮನೆಗಳಲ್ಲಿ ಹಂಚಿನ ಮಾಡಿನಿಂದ ಉದುರುವ ಮಸಿ, ದೇವರ ಕೋಣೆಯ ದೀಪದ ಕಾಡಿಗೆ, ಹಿಂಗಾರದ ಸಣ್ಣ ಹೂಗಳು, ಅಡುಗೆಮನೆಯ ಎಣ್ಣೆಯ ಜಿಡ್ಡು ಇವೆಲ್ಲ ಕೂಡಿ ಧೂಳನ್ನು ಅಂಟಾಗಿಸುತ್ತವೆ. ಇಂತಹ ಫಿಲ್ಟರನ್ನು ಕೊಡವಿದರೆ ಸಾಲದು. ತೊಳೆಯುವ ಜಾತಿಯದಾದರೆ ಉಗುರು ಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆಯಬೇಕು. ಊದುಬತ್ತಿಯ ಬೂದಿಯನ್ನು ಪೂರ್ಣವಾಗಿ ತಣಿಯುವ ಮೊದಲು ಯಂತ್ರಕ್ಕೆ ಹೀರಿಸಬಾರದು. ಒಂದು ಕಿಡಿಯು ಚೀಲದೊಳಗೆ ಸೇರಿದರೆ ಗಾಳಿಯು ಅದನ್ನು ಊದಿ ಉರಿಸುವುದು.

ಮಣಿಪಾಲದಲ್ಲಿ ೧೯೫೩ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಬಳಿಕ ದೂರ ದೂರದ ಜನರು ಬಂದು ನೆಲೆಸಿದರು. ಇಂದು ಅಲ್ಲಿ ಬಹುಮಹಡಿಯ ವಸತಿಗಳು ಬಹಳ. ಜಾಗವು ಕಡಿಮೆಯಾದುದರಿಂದ ವಯರಿಲ್ಲದ ಬ್ಯಾಟರಿ ಯಂತ್ರಗಳೂ, ತಾವೇ ನೆಲದಲ್ಲಿ ಓಡಾಡುವ ರೋಬೋಟ್ ಯಂತ್ರಗಳೂ ಅಲ್ಲಿಗೆ ಹೊಂದುತ್ತವೆ. ಇವುಗಳ ಚಕ್ರಕ್ಕೂ ಬ್ರಷ್ಷಿಗೂ ಉದ್ದ ಕೂದಲು ಸುತ್ತುವುದೇ ಸಾಮಾನ್ಯ ರೋಗ. ರೋಬೋಟ್ ದಾರಿ ತಪ್ಪಿ ಒಂದೆಡೆಯಲ್ಲಿಯೇ ಸುತ್ತುತ್ತಿದ್ದರೆ ಅದರ ಸೆನ್ಸರಿನ ಗಾಜನ್ನು ಒಣಬಟ್ಟೆಯಿಂದ ಒರೆಸಿ ನೋಡಬೇಕು. ಬ್ಯಾಟರಿ ಯಂತ್ರವು ಐದೇ ನಿಮಿಷದಲ್ಲಿ ಸೋತರೆ ಮೊದಲು ಫಿಲ್ಟರನ್ನು, ಬಳಿಕ ಬ್ಯಾಟರಿಯ ವಯಸ್ಸನ್ನು ವಿಚಾರಿಸಬೇಕು. ಲಿಥಿಯಂ ಬ್ಯಾಟರಿಯು ಉಬ್ಬಿದ್ದರೆ ಮತ್ತೆ ಚಾರ್ಜು ಮಾಡಕೂಡದು, ತಿವಿಯಕೂಡದು, ಕಸದೊಡನೆ ಸುಡಕೂಡದು.

ವಿದ್ಯುತ್ತಿನ ದಾರಿ

ಗುಂಡಿಯನ್ನು ಒತ್ತಿದರೂ ಯಂತ್ರವು ಮೌನವಾಗಿದ್ದರೆ ಗೋಡೆಯಿಂದ ಆರಂಭಿಸಿರಿ. ಅದೇ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆಯನ್ನು ಸಿಕ್ಕಿಸಿ ನೋಡಿದರೆ ದೋಷವು ಮನೆಯದೋ ಯಂತ್ರದ್ದೋ ತಿಳಿಯುವುದು. ೧೪೦೦ ವಾಟಿನ ಯಂತ್ರವು ನಮ್ಮ ೨೩೦ ವೋಲ್ಟಿನಲ್ಲಿ ಸುಮಾರು ೬ ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ದೀಪ, ಫ್ಯಾನುಗಳಿಗಾಗಿ ಇರುವ ೬ ಆಂಪಿಯರಿನ ಸಣ್ಣ ಸಾಕೆಟ್ಟಿಗೂ, ತೆಳು ವಯರಿನ ಎಕ್ಸ್‌ಟೆನ್ಷನ್ ಪೆಟ್ಟಿಗೆಗೂ ಇದು ಹೊರಲಾರದ ಹೊರೆ. ೧೬ ಆಂಪಿಯರಿನ ದೊಡ್ಡ ಸಾಕೆಟ್ಟನ್ನೇ ಬಳಸುವುದು ಕ್ಷೇಮ.

ಕೊಲ್ಲಿಯ ದೇಶಗಳಲ್ಲಿ ದುಡಿಯುವ ಬಂಧುಗಳು ತಂದ ಯಂತ್ರಗಳು ನಮ್ಮ ಕರಾವಳಿಯ ಮನೆಗಳಲ್ಲಿ ಸಾಕಷ್ಟಿವೆ. ದುಬೈ, ಕುವೈತ್ ಮೊದಲಾದ ಕಡೆಗಳ ಚಪ್ಪಟೆಯ ಮೂರು ಕಡ್ಡಿಯ ಪ್ಲಗ್ಗಿನೊಳಗೇ ಒಂದು ಚಿಕ್ಕ ಫ್ಯೂಸಿರುವುದು. ಇಲ್ಲಿಯ ಪ್ಲಗ್ಗುಗಳಲ್ಲಿ ಅಂತಹುದಿಲ್ಲ. ಆ ಫ್ಯೂಸು ಹಾರಿದ್ದರೆ ಯಂತ್ರವು ಸತ್ತಂತೆಯೇ ಕಾಣುವುದು. ಅದೇ ಅಳತೆಯ ಹೊಸ ಫ್ಯೂಸನ್ನು ಹಾಕಿದರೆ ಎದ್ದು ಕುಳಿತುಕೊಳ್ಳುವುದು. ಫ್ಯೂಸಿನ ಬದಲಿಗೆ ತಂತಿಯನ್ನು ಸುತ್ತುವುದು ಮನೆಗೆ ಬೆಂಕಿಯನ್ನು ಆಹ್ವಾನಿಸಿದಂತೆ. ಅಮೆರಿಕದಿಂದ ಬಂದ ಯಂತ್ರದ ಸ್ಥಿತಿಯು ಬೇರೆ. ಅಲ್ಲಿಯ ವಿದ್ಯುತ್ತು ೧೨೦ ವೋಲ್ಟಿನದು. ಕಡ್ಡಿಯ ಆಕಾರವನ್ನು ಮಾತ್ರ ಬದಲಿಸುವ ಅಡಾಪ್ಟರಿನ ಮೂಲಕ ಅದನ್ನು ನಮ್ಮ ೨೩೦ ವೋಲ್ಟಿಗೆ ಜೋಡಿಸಿದರೆ ಅಲ್ಪಕಾಲದಲ್ಲಿಯೇ ಮೋಟಾರು ಸುಟ್ಟುಹೋಗುವುದು. ಯಂತ್ರದ ಬೆನ್ನಿನ ಚೀಟಿಯಲ್ಲಿ ವೋಲ್ಟನ್ನು ಓದದೆ ಯಾವ ಪರದೇಶದ ಯಂತ್ರವನ್ನೂ ಜೋಡಿಸಬಾರದು.

ಹತ್ತು ಹದಿನೈದು ನಿಮಿಷ ನಡೆದು ತಾನಾಗಿ ನಿಂತ ಯಂತ್ರವು ಹೆಚ್ಚಾಗಿ ಸತ್ತಿರುವುದಿಲ್ಲ. ಕಾವು ಮೀರಿದಾಗ ವಿದ್ಯುತ್ತನ್ನು ಕಡಿಯುವ ಒಂದು ರಕ್ಷಕವು ಅದರೊಳಗಿರುವುದು. ಪ್ಲಗ್ಗನ್ನು ಕಿತ್ತು ಒಂದು ಗಂಟೆ ತಣಿಯಲು ಬಿಟ್ಟರೆ ಮತ್ತೆ ನಡೆಯುವುದು. ಆದರೆ ನಡೆಯಿತೆಂದು ಸಂತೋಷಪಟ್ಟು ಕೆಲಸವನ್ನು ಮುಂದುವರಿಸಿದರೆ ಎಚ್ಚರಿಸಿದವನ ಬಾಯಿಯನ್ನು ಮುಚ್ಚಿದಂತಾಯಿತು. ಕಾವೇರಿದ್ದು ಏಕೆ? ಗಾಳಿಯು ಕಟ್ಟಿದ್ದರಿಂದ. ಚೀಲವನ್ನೂ ಫಿಲ್ಟರನ್ನೂ ಪೈಪನ್ನೂ ನೋಡಿದ ಮೇಲೆಯೇ ಮತ್ತೆ ಗುಂಡಿಯನ್ನು ಒತ್ತಬೇಕು.

ವಯರನ್ನು ಅಲುಗಿಸಿದಾಗ ಯಂತ್ರವು ಬಂದು ಹೋಗಿ ಮಾಡುತ್ತಿದ್ದರೆ ಒಳಗಿನ ತಂತಿಯು ತುಂಡಾಗಿದೆ. ಪ್ಲಗ್ಗಿನ ಬುಡದಲ್ಲಿಯೂ, ವಯರು ಯಂತ್ರವನ್ನು ಪ್ರವೇಶಿಸುವಲ್ಲಿಯೂ ಹೀಗಾಗುವುದು ಹೆಚ್ಚು. ವಯರನ್ನು ಹಿಡಿದು ಪ್ಲಗ್ಗನ್ನು ಎಳೆಯುವ ಅಭ್ಯಾಸವೇ ಇದಕ್ಕೆ ಕಾರಣ. ಟೇಪು ಸುತ್ತಿ ಕಾಲ ಕಳೆಯದೆ ವಯರನ್ನೇ ಬದಲಾಯಿಸಿಕೊಳ್ಳಬೇಕು. ಮುಟ್ಟಿದಾಗ ಜುಮ್ಮೆಂದರೆ, ಇಲ್ಲವೆ ಯಂತ್ರವನ್ನು ಹಚ್ಚಿದೊಡನೆ ಮನೆಯ ಇ.ಎಲ್.ಸಿ.ಬಿ. ಬಿದ್ದರೆ ವಿದ್ಯುತ್ತು ಸೋರುತ್ತಿದೆಯೆಂದು ತಿಳಿದು ಬಳಕೆಯನ್ನು ಆ ಗಳಿಗೆಗೇ ನಿಲ್ಲಿಸಬೇಕು. ಎರಡೇ ಕಡ್ಡಿಯ ಪ್ಲಗ್ಗಿರುವ ಯಂತ್ರವನ್ನು ಕಂಡು ಹೆದರಬೇಕಾಗಿಲ್ಲ. ಚೀಟಿಯಲ್ಲಿ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದಕ್ಕೆ ಎರಡು ಪದರಗಳ ರಕ್ಷಣೆಯಿದೆ, ಅರ್ಥಿಂಗ್ ಬೇಕಿಲ್ಲ.

ಮೋಟಾರಿನೊಳಗೆ ಕಾರ್ಬನ್ ಬ್ರಷ್ ಎಂಬ ಎರಡು ಸಣ್ಣ ಇದ್ದಲಿನ ತುಂಡುಗಳಿರುವುವು. ತಿರುಗುವ ಭಾಗಕ್ಕೆ ಒರಸಿಕೊಂಡು ವಿದ್ಯುತ್ತನ್ನು ದಾಟಿಸುತ್ತ, ಪೆನ್ಸಿಲಿನಂತೆ ತೇಯುತ್ತ ಹೋಗುವುದೇ ಇವುಗಳ ಧರ್ಮ. ಕಿಡಿಗಳು ಹೆಚ್ಚಾಗಿ ಕಾಣಿಸುವುದು, ವೇಗವು ಏರಿಳಿಯುವುದು, ಕೊನೆಗೆ ಒಮ್ಮೆಲೇ ನಿಲ್ಲುವುದು ಇವು ತೇದುಹೋದುದರ ಲಕ್ಷಣ. ಈ ತುಂಡುಗಳ ಬೆಲೆಯು ಹೊಸ ಮೋಟಾರಿನ ಬೆಲೆಯ ಎದುರಿಗೆ ಅತ್ಯಲ್ಪ. ಎರಡನ್ನೂ ಒಟ್ಟಿಗೆ ಬದಲಿಸಬೇಕು. ಕಿರುಚುವ ಸದ್ದು ಬೇರಿಂಗು ಸವೆದುದರ ಗುರುತು. ಈ ಎರಡು ಕೆಲಸಗಳೂ ಯಂತ್ರದ ಒಡಲನ್ನು ಬಿಚ್ಚಿ ಮಾಡತಕ್ಕವು. ಇಲ್ಲಿಗೆ ಗೃಹಸ್ಥರ ಗಡಿಯು ಮುಗಿಯಿತು. ಮುಂದಿನದು ಕಲಿತವರ ಕೆಲಸ.

ಒಣಕಸದ ಯಂತ್ರಕ್ಕೆ ನೀರನ್ನು ಹೀರಿಸಿದ್ದರೆ ಪ್ಲಗ್ಗನ್ನು ಕಿತ್ತು ಹಾಗೆಯೇ ರಿಪೇರಿಯವರಿಗೆ ಒಪ್ಪಿಸಬೇಕು. “ಒಮ್ಮೆ ನೋಡೋಣ” ಎಂದು ನಡೆಸಬಾರದು. ಸೀಮೆಎಣ್ಣೆ, ಪೆಟ್ರೋಲು, ಒಡೆದ ಥರ್ಮಾಮೀಟರಿನ ಪಾದರಸ, ಬಿಸಿಬೂದಿ ಇವನ್ನು ಎಂದಿಗೂ ಹೀರಿಸಬಾರದು.

ರಿಪೇರಿಯವರ ಬಳಿಗೆ

ಯಂತ್ರವನ್ನು ಒಯ್ಯುವಾಗ “ಮೋಟಾರು ಹೋಗಿದೆ” ಎಂದು ನಾವೇ ಹೇಳಬಾರದು. ಕಂಡ ಲಕ್ಷಣವನ್ನು ಮಾತ್ರ ಹೇಳಬೇಕು: ಎಷ್ಟು ಹೊತ್ತು ನಡೆದು ನಿಂತಿತು, ಸದ್ದು ಹೇಗಿತ್ತು, ವಾಸನೆ ಬಂದಿತೆ, ನಾವು ಏನೇನನ್ನು ಶುಚಿಮಾಡಿ ನೋಡಿದೆವು. ಖರ್ಚಿನ ಅಂದಾಜನ್ನು ಮೊದಲೇ ಬರೆಸಿಕೊಂಡು, ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಬೇಕು. ಬಿಲ್ಲನ್ನು ಬಿಡಬಾರದು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಸೇವೆಗೆ ಬಿಲ್ಲು ಕೊಡದಿರುವುದೂ ಒಂದು ಅನುಚಿತ ವ್ಯವಹಾರವೇ. ವಾರಂಟಿಯ ಅವಧಿಯಲ್ಲಿ ನ್ಯಾಯವು ದೊರೆಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರಿಕೊಳ್ಳಬಹುದು. ೨೦೨೨ರ ಡಿಸೆಂಬರಿನಲ್ಲಿ ಭಾರತ ಸರಕಾರವು ರಿಪೇರಿಯ ಹಕ್ಕಿಗಾಗಿಯೇ ಒಂದು ಪೋರ್ಟಲನ್ನು ತೆರೆದು, ಬಿಡಿಭಾಗ, ವಾರಂಟಿ, ಸೇವಾಕೇಂದ್ರಗಳ ವಿವರವು ಗ್ರಾಹಕರಿಗೆ ಒಂದೆಡೆಯಲ್ಲಿ ದೊರೆಯುವಂತೆ ಮಾಡಲು ಯತ್ನಿಸಿದೆ.

ಇನ್ನೊಂದು ಮಾತನ್ನು ನಮಗೆ ನಾವೇ ಹೇಳಿಕೊಳ್ಳಬೇಕಾಗಿದೆ. ವೈದ್ಯರು ನಾಡಿ ನೋಡಿ “ಏನೂ ರೋಗವಿಲ್ಲ” ಎಂದರೂ ನಾವು ಫೀಸನ್ನು ಕೊಟ್ಟು ನಮಸ್ಕರಿಸಿ ಬರುತ್ತೇವೆ. ಆದರೆ ರಿಪೇರಿಯವನು ಪೈಪಿನಿಂದ ಕಾಲುಚೀಲವೊಂದನ್ನು ಎಳೆದು ತೆಗೆದು “ಇಷ್ಟೇ” ಎಂದರೆ, ಇಷ್ಟಕ್ಕೆ ಹಣವೇಕೆಂದು ವಾದಿಸುತ್ತೇವೆ. ಭಾಗ ಬದಲಿಸಿದರೆ ಮಾತ್ರ ಹಣ ಹುಟ್ಟುವುದಾದರೆ ಭಾಗ ಬದಲಿಸುವ ಆಸೆಯು ಯಾರಿಗಾದರೂ ಹುಟ್ಟದಿರುವುದೆ? ಪರೀಕ್ಷೆಗೆ ತಕ್ಕ ಮಜೂರಿಯನ್ನು ಮನಸಾರೆ ಕೊಡುವ ಮನೆಗೆ ಪ್ರಾಮಾಣಿಕನಾದ ಕೆಲಸಗಾರನು ದೊರೆಯುತ್ತಾನೆ. ಯಂತ್ರವು ನಿಜವಾಗಿ ತೀರಿಹೋಗಿದ್ದರೆ ಅದನ್ನು ಹಿತ್ತಿಲಲ್ಲಿ ಸುಡದೆ, ಹೊಳೆಗೆ ಎಸೆಯದೆ, ಇ-ತ್ಯಾಜ್ಯವನ್ನು ಸ್ವೀಕರಿಸುವವರಿಗೆ ಒಪ್ಪಿಸಬೇಕು.

ಯಂತ್ರವನ್ನು ಹಿಡಿಯುವವರು

ಹಲವು ಮನೆಗಳಲ್ಲಿ ಯಂತ್ರವನ್ನು ಕೊಳ್ಳುವವರೊಬ್ಬರು, ಹಿಡಿದು ದುಡಿಯುವವರು ಇನ್ನೊಬ್ಬರು. ಮನೆಗೆಲಸಕ್ಕೆ ಬರುವ ಹೆಂಗಸಿಗೆ ಗುಂಡಿಯನ್ನು ಮಾತ್ರ ತೋರಿಸಿ, ಚೀಲ ಫಿಲ್ಟರುಗಳ ಸುದ್ದಿಯನ್ನೇ ಹೇಳದೆ, ಯಂತ್ರವು ಕೆಟ್ಟಾಗ “ನೀನೇ ಕೆಡಿಸಿದೆ” ಎನ್ನುವುದು ನ್ಯಾಯವಲ್ಲ. ಒರೆಸಿದ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಸೀಳಿದ ವಯರನ್ನು ಹಿಡಿಯುವವಳು ಅವಳೇ. ಚೀಲವನ್ನು ಕೊಡವುವಾಗ ಧೂಳು ಹೋಗುವುದೂ ಅವಳ ಶ್ವಾಸಕ್ಕೇ. ಯಂತ್ರದ ಸದ್ದು ಎಂದಿನಂತಿಲ್ಲವೆಂಬುದನ್ನು ಎಲ್ಲರಿಗಿಂತ ಮೊದಲು ಕೇಳುವ ಕಿವಿಯೂ ಅವಳದೇ. ಮೇಲೆ ಹೇಳಿದ ಅಂಗೈಯ ಪರೀಕ್ಷೆಯನ್ನೂ ಗೋಲಿಯ ಪರೀಕ್ಷೆಯನ್ನೂ ಅವಳಿಗೆ ಕಲಿಸಿರಿ. ಚಪ್ಪಲಿಯನ್ನೂ ಮೂಗಿಗೆ ಬಟ್ಟೆಯನ್ನೂ ಒದಗಿಸಿರಿ. “ಅಮ್ಮಾ, ಸದ್ದು ಬೇರೆಯಾಗಿದೆ” ಎಂದು ಅವಳು ಹೇಳಿದಾಗ ಕೆಲಸವನ್ನು ನಿಲ್ಲಿಸಿರಿ.

ಅಂಗಳಕ್ಕೆ ಹಿಡಿಸೂಡಿಯೂ, ನೆಲಕ್ಕೆ ಕಸಬರಿಕೆಯೂ ಇಂದಿಗೂ ಸಾಕು. ಹಾಸಿಗೆ, ಸೋಫಾ, ಪುಸ್ತಕದ ಕಪಾಟು, ಉಬ್ಬಸದವರು ಮಲಗುವ ಕೋಣೆ ಇವಕ್ಕೆ ವ್ಯಾಕ್ಯೂಮ್ ಕ್ಲೀನರಿನ ಉಪಕಾರವು ದೊಡ್ಡದು. ಮಳೆಗಾಲದಲ್ಲಿ ಅದನ್ನು ನಾಲ್ಕು ತಿಂಗಳು ಮರೆತುಬಿಡದೆ, ಚೀಲವನ್ನು ಬರಿದುಮಾಡಿ, ಒಣಗಿದ ಫಿಲ್ಟರನ್ನು ಹಾಕಿ, ಹದಿನೈದು ದಿನಕ್ಕೊಮ್ಮೆ ಐದು ನಿಮಿಷ ನಡೆಸಿರಿ. ಕೆಟ್ಟಾಗ ಮೊದಲು ಗಾಳಿಯ ದಾರಿ, ಬಳಿಕ ವಿದ್ಯುತ್ತಿನ ದಾರಿ, ಕೊನೆಗೆ ಮೋಟಾರು: ಈ ಕ್ರಮವನ್ನು ಯಂತ್ರದ ಮುಚ್ಚಳದ ಒಳಗೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿದರೆ ಮನೆಯಲ್ಲಿ ಯಾರಿಗೆ ಬೇಕಾದರೂ ಸಮಯಕ್ಕೆ ಒದಗುವುದು.